ಹಿಂದಿನ ಮನೆಯಲ್ಲಿ ಒಗ್ಗರಣೆ ನಿಂತ ದಿನ

2003ನೆಯ ಇಸವಿಯ ಮಾರ್ಚ್ ತಿಂಗಳು. ಆಗ ನಾವು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದೆವು. ನನಗೆ ಮೂವತ್ತೆಂಟು ವರ್ಷ. ಸಂಬಳದ ನೌಕರಿ ನಾನು ಯಾವತ್ತೂ ಮಾಡಿದವಳಲ್ಲ. ಮನೆ ನಡೆಸುವುದೇ ನನ್ನ ಉದ್ಯೋಗ, ಈಗಲೂ ಅದೇ. ಆ ವರ್ಷ ಮಾತ್ರ ಅದಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿತ್ತು. ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡು ಬಂದ ನನ್ನ ತಮ್ಮ ಮಲ್ಲೇಶನಿಗೆ ಯಾವ ಸೋಂಕೂ ತಗಲದ ಹಾಗೆ ಒಂದು ವರ್ಷ ಕಾಯಬೇಕಿತ್ತು. ಆ ವರ್ಷದಲ್ಲಿ ಒಂದು ವಾರ ನಾನು ಮಾಡಿದ ತಪ್ಪನ್ನೂ ಶಿವ ಅದನ್ನು ಹೇಗೆ ಹೊತ್ತುಕೊಂಡ ಎನ್ನುವುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮಲ್ಲೇಶನಿಗೆ ಆಗ ಇಪ್ಪತ್ತಾರು. ಮೋಟರ್ ರಿವೈಂಡಿಂಗ್ ಕೆಲಸ ಮಾಡುತ್ತಿದ್ದ, ಸ್ವಂತ ಅಂಗಡಿ. ಹಿಂದಿನ ವರ್ಷ ಬೇಸಿಗೆಯಲ್ಲಿ ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರತೊಡಗಿತು, ಮೈಮೇಲೆ ಏಟು ಬೀಳದಿದ್ದರೂ ನೀಲಿ ಕಲೆ. ಪರೀಕ್ಷೆ ಮಾಡಿಸಿದಾಗ ಅಪ್ಲಾಸ್ಟಿಕ್ ಅನೀಮಿಯಾ ಎಂದರು. ಎಲುಬಿನೊಳಗಿನ ಮಜ್ಜೆ ರಕ್ತ ಹುಟ್ಟಿಸುವುದನ್ನೇ ನಿಲ್ಲಿಸಿಬಿಡುವ ರೋಗ. ಒಡಹುಟ್ಟಿದವರ ಮಜ್ಜೆ ಹೊಂದಿಕೆಯಾದರೆ ಕಸಿ ಮಾಡಬಹುದು, ಹೊಂದುವ ಸಂಭವ ನಾಲ್ಕರಲ್ಲಿ ಒಂದು ಎಂದು ಬೆಂಗಳೂರಿನ ಡಾಕ್ಟರ್ ಹೇಳಿದರು. ನಾವು ಇದ್ದದ್ದೇ ಇಬ್ಬರು. ನನ್ನದು ಹೊಂದಿತು. ಅವತ್ತಿನಿಂದ ನಾನು ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ, ಹಿಂದಿನ ದಿನ ದೇವರು ಮಾಡಿದ ಉಪಕಾರಗಳನ್ನು ಒಂದೊಂದಾಗಿ ನೆನೆಯುವ ರೂಢಿ ಇಟ್ಟುಕೊಂಡೆ. ದೊಡ್ಡವು ಬೇಕಂತಿಲ್ಲ, ಇವತ್ತು ಜ್ವರ ಬರಲಿಲ್ಲ ಅನ್ನುವುದೂ ಒಂದು ಉಪಕಾರವೇ.

ನವೆಂಬರಿನಲ್ಲಿ ನನಗೆ ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ಒಂದು ವಾರ ಕುಳಿತು ಏಳುವುದು ಕಷ್ಟವಾಯಿತು, ಅಷ್ಟೇ. ಅವನಿಗೆ ಅದನ್ನು ರಕ್ತ ಏರಿಸಿದ ಹಾಗೆಯೇ ಬಾಟಲಿಯಿಂದ ಏರಿಸಿದರು. ಆ ದಿನಕ್ಕೆ ಆಸ್ಪತ್ರೆಯವರು ಸೊನ್ನೆ ಎನ್ನುತ್ತಾರೆ. ಅಲ್ಲಿಂದ ಒಂದು, ಎರಡು ಎಂದು ದಿನ ಎಣಿಸುತ್ತಾರೆ. ಇಪ್ಪತ್ತನೆಯ ದಿನದ ಹೊತ್ತಿಗೆ ಬಿಳಿಯ ರಕ್ತಕಣಗಳು ಕಾಣಿಸಿಕೊಂಡವು. ಎಲ್ಲ ಮುಗಿಯಿತು ಎಂದು ನಾನು ಕೈಮುಗಿದೆ. ಡಾಕ್ಟರ್ ನಕ್ಕು, ಬಿಳಿಕಣಗಳಲ್ಲಿ ಬೇರೆ ಬೇರೆ ಜಾತಿಯವಿವೆ, ಮೊದಲು ಬರುವವು ಕೀವು ಹುಣ್ಣಿನಂಥವನ್ನು ತಡೆಯುವವು, ವೈರಸ್ಸನ್ನು ಗುರುತಿಸಿ ಹೊಡೆಯುವ ಲಿಂಫೋಸೈಟ್ ಎಂಬ ಕಣಗಳು ಪೂರ್ತಿ ತಯಾರಾಗಲು ವರ್ಷ ಬೇಕು, ಕೆಲವರಿಗೆ ಇನ್ನೂ ಹೆಚ್ಚು ಎಂದು ವಿವರಿಸಿದರು. ಹೊಸ ಮಜ್ಜೆ ಹೊಸ ಮೈಯ ಜೊತೆ ಜಗಳ ಆಡಬಾರದೆಂದು ಸೈಕ್ಲೋಸ್ಪೊರಿನ್ ಎಂಬ ಔಷಧ ಬೇರೆ ದಿನಕ್ಕೆ ಎರಡು ಹೊತ್ತು ನಡೆಯುತ್ತಿತ್ತು. ಅದು ಇದ್ದಷ್ಟು ದಿನ ಮೈಯ ರೋಗನಿರೋಧಕ ಶಕ್ತಿ ಅರೆನಿದ್ದೆಯಲ್ಲೇ ಇರುತ್ತದಂತೆ.

ನೂರನೆಯ ದಿನ ದಾಟಿದ ಮೇಲೆ ಊರಿಗೆ ಹೋಗಲು ಅಪ್ಪಣೆ ಸಿಕ್ಕಿತು. ತಾಯಿ ತಂದೆ ಇಬ್ಬರೂ ತೀರಿಕೊಂಡಿದ್ದರಿಂದ ಅವನು ನಮ್ಮ ಮನೆಗೇ ಬಂದ. ನಮ್ಮ ಮನೆಯವರು ಹತ್ತಿ ದಲಾಲರ ಆಫೀಸಿನಲ್ಲಿ ಗುಮಾಸ್ತರು. ಒಂದು ಮಾತೂ ಆಡದೆ ಮುಂದಿನ ಕೋಣೆ ಅವನಿಗೆ ಬಿಟ್ಟುಕೊಟ್ಟು, ತಾವೇ ನಿಂತು ಸುಣ್ಣ ಹೊಡೆಸಿದರು.

ಆಸ್ಪತ್ರೆಯಿಂದ ಕೊಟ್ಟ ಮೂರು ಹಾಳೆಯ ಸೂಚನೆಗಳು ನನ್ನ ಅಡುಗೆಮನೆಯ ಗೋಡೆಯ ಮೇಲಿದ್ದವು. ನೀರು ಕುದಿಸಬೇಕು. ಎಲ್ಲವೂ ಬೆಂದಿರಬೇಕು. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಮೆಂತೆಸೊಪ್ಪು, ಸೌತೆಕಾಯಿ ಇಲ್ಲದೆ ಊಟವೇ ಅಲ್ಲ ಅನ್ನುವ ನಾಡು ನಮ್ಮದು, ಅದೆಲ್ಲ ಬಂದ್. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಬಂದ್. ಚಟ್ನಿಪುಡಿಯನ್ನೂ ಅವನಿಗೆ ಮತ್ತೊಮ್ಮೆ ಬಿಸಿ ಮಾಡಿಯೇ ಹಾಕಬೇಕು. ಕೋಣೆಯಲ್ಲಿ ಹೂವು, ಗಿಡದ ಕುಂಡ ಇಡಬಾರದು. ಮಕ್ಕಳು ಒಳಗೆ ಬರಬಾರದು. ಗುಡಿಯ ತೀರ್ಥ, ಪ್ರಸಾದದ ವಿಚಾರ ಹಾಳೆಯಲ್ಲಿ ಬರೆದಿರಲಿಲ್ಲ. ಅದನ್ನು ನಾನೇ ದೇವರ ಮುಂದೆ ಕುಳಿತು ನಿರ್ಧರಿಸಿದೆ. ಕುದಿಸಿ ಆರಿಸಿದ ನೀರನ್ನೇ ಪೂಜೆಗೆ ಇಟ್ಟು ಅದನ್ನೇ ಅವನಿಗೆ ತೀರ್ಥವೆಂದು ಕೊಡುತ್ತಿದ್ದೆ. ಕುದ್ದ ನೀರೂ ನೀರೇ ಅಲ್ಲವೇ, ಶಿವ ಬೇಡ ಅನ್ನಲಿಲ್ಲ.

ಮಲ್ಲೇಶ ಸುಮ್ಮನೆ ಮಲಗುವ ಜಾತಿಯವನಲ್ಲ. ಕಸಿ ಆದ ಮೇಲೆ ಅವನ ರಕ್ತದ ಗುಂಪು ಬಿ ಪಾಸಿಟಿವ್ ಇದ್ದದ್ದು ಮೆಲ್ಲಗೆ ನನ್ನ ಓ ಪಾಸಿಟಿವ್‌ಗೆ ತಿರುಗಿತ್ತು. ನಾನು ಏನಾದರೂ ಬೈದರೆ ತಿರುಗಿ ಅಷ್ಟೇ ಜೋರಾಗಿ ಕೂಗುತ್ತಿದ್ದ.

“ಈಗ ನನ್ನ ಮೈಯಾಗ ಹರಿಯಾಕತ್ತಿದ್ದು ನಿನ್ನ ರಕ್ತ ಅಕ್ಕಾ. ಸಿಟ್ಟೂ ನಿನ್ನ ಕಡಿಂದನಽ ಬಂದೈತಿ. ನಿನ್ನ ಮಾಲು, ನೀನಽ ಸಂಬಾಳಿಸ್ಕೋ.”

“ಮಾಲು ಛಲೋದಽ ಕಳಿಸೇನಿ. ನೀ ಇಟ್ಕೊಂಡಿದ್ದು ಬರೋಬ್ಬರಿ ಇಲ್ಲ,” ಎನ್ನುತ್ತಿದ್ದೆ.

ನಮ್ಮ ಮನೆಯ ಹಿಂದೆ ಅದೇ ಆವರಣದಲ್ಲಿ ಕಸ್ತೂರಿಯ ಮನೆ. ನಮ್ಮ ಅಡುಗೆಮನೆಗೂ ಅವರ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಮೇಲುಗಡೆ ಗಾಳಿಗೆಂದು ಬಿಟ್ಟ ಜಾಲರಿ. ಅವಳ ಮನೆಯಲ್ಲಿ ಏನು ಬೇಯುತ್ತಿದೆ ಎಂದು ನನಗೂ, ನನ್ನ ಮನೆಯಲ್ಲಿ ಏನು ಸೀದುಹೋಯಿತು ಎಂದು ಅವಳಿಗೂ ಹೇಳಬೇಕಾಗಿರಲಿಲ್ಲ. ನಾನು ಬೆಂಗಳೂರಿನಲ್ಲಿದ್ದ ದಿನಗಳಲ್ಲಿ ನಮ್ಮ ಮನೆಯವರಿಗೆ ಎರಡೂ ಹೊತ್ತು ರೊಟ್ಟಿ ಬಡಿದು ಕೊಟ್ಟವಳು ಅವಳೇ. ಅವಳ ಅತ್ತೆ ಗಂಗಮ್ಮ ಎಪ್ಪತ್ತು ದಾಟಿದವರು, ಹಳೆಯ ಪದ್ಧತಿಗಳಲ್ಲಿ ಒಂದನ್ನೂ ಬಿಡದವರು. ಕಸ್ತೂರಿಯ ಮಗಳು ಸುಮಾ, ಐದು ವರ್ಷದವಳು. ಮಲ್ಲೇಶನ ಕಿಟಕಿಯ ಹೊರಗೆ ನಿಂತು ದಿನಾ ಅವನ ಜೊತೆ ಹರಟುವುದು ಅವಳ ರೂಢಿಯಾಗಿತ್ತು. ಒಳಗೆ ಬರುವಂತಿಲ್ಲ ಎಂದು ಅವಳಿಗೂ ಗೊತ್ತು.

ಆ ಭಾನುವಾರ ಲೆಕ್ಕದ ಪ್ರಕಾರ ನೂರಿಪ್ಪತ್ತನಾಲ್ಕನೆಯ ದಿನ. ಹನ್ನೊಂದು ಗಂಟೆಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸುಮಾ ಅವನ ಮಂಚದ ಮೇಲೆ ಕುಳಿತು ಹುಣಸೆಬೀಜದಿಂದ ಚೌಕಾಬಾರ ಆಡುತ್ತಿದ್ದಳು. ಇಬ್ಬರ ತಲೆಯೂ ಹತ್ತಿರ ಹತ್ತಿರ. ಬಾಗಿಲು ತೆಗೆದು ಒಳಗೆ ಕರೆದವನು ಅವನೇ. ನಾನು ಕೂಗಾಡಿದೆ. ಹುಡುಗಿ ಹೆದರಿ ಓಡಿದಳು.

“ನಾಕ ತಿಂಗಳಾತು ಅಕ್ಕಾ ಗ್ವಾಡಿ ಕೂಡ ಮಾತಾಡಾಕತ್ತು. ಕೂಸು ಒಂದ ಆಟ ಆಡಿದ್ರ ಏನಾಕ್ಕೈತಿ?” ಎಂದ ಮಲ್ಲೇಶ. ಅವನ ದನಿ ಕೇಳಿ ನಾನೇ ಸುಮ್ಮನಾದೆ. ಹುಡುಗಿಗೆ ನೆಗಡಿ ಇರಲಿಲ್ಲ, ಕೆಮ್ಮು ಇರಲಿಲ್ಲ. ಮಂಚದ ಹೊದಿಕೆ ಬದಲಿಸಿ, ಅವನ ಕೈ ತೊಳೆಸಿ, ಅಲ್ಲಿಗೇ ಬಿಟ್ಟೆ.

ಕಸ್ತೂರಿಯ ಮನೆಯ ಒಗ್ಗರಣೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳ್ಳುಳ್ಳಿ ಜಜ್ಜಿ ಹಾಕಿ, ಸಾಸಿವೆ ಚಟಪಟ ಅನ್ನಿಸಿ, ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದಳೆಂದರೆ ಜಾಲರಿಯಿಂದ ಘಾಟು ಬಂದು ಈ ಕಡೆ ನಾನು ಸೀನುತ್ತಿದ್ದೆ. ಮಂಗಳವಾರ ಒಂಬತ್ತೂವರೆಯಾದರೂ ನನಗೆ ಸೀನು ಬರಲಿಲ್ಲ. ಅನ್ನ ಬೆಂದ ವಾಸನೆ ಇತ್ತು, ಬೇಳೆ ಬೆಂದ ವಾಸನೆ ಇತ್ತು. ಎಣ್ಣೆ ಕಾದ ವಾಸನೆ ಇರಲಿಲ್ಲ. ಮಧ್ಯಾಹ್ನವೂ ಇಲ್ಲ, ಸಂಜೆಯೂ ಇಲ್ಲ. ಸಂಜೆ ನಾವು ಗಂಡ ಹೆಂಡತಿ ಉಣ್ಣುವ ಮೊಸರಿನ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಟ್ಟಲು ಹಿಡಿದು ಹೋದೆ. ಕಸ್ತೂರಿ ಬಾಗಿಲನ್ನು ಅರ್ಧ ಮಾತ್ರ ತೆಗೆದು, “ಇವತ್ತ ಇಲ್ಲರೀ ಅಕ್ಕಾರ,” ಎಂದಳು. ಅವಳ ಹಿಂದೆ ಒಲೆಯ ಪಕ್ಕ ಮೊಸರಿನ ಗಡಿಗೆ ತುಂಬಿ ಕುಳಿತಿತ್ತು. ಅವಳು ತಲೆ ಬಾಚಿಕೊಂಡಿರಲಿಲ್ಲ.

ಒಗ್ಗರಣೆ ಇಲ್ಲ, ಬಾಚಣಿಗೆ ಇಲ್ಲ, ಮನೆಯಿಂದ ಒಂದು ಚಮಚ ಮೊಸರೂ ಹೊರಗೆ ಹೋಗುವುದಿಲ್ಲ. ನಮ್ಮ ಕಡೆ ಹುಟ್ಟಿ ಬೆಳೆದ ಯಾವ ಹೆಣ್ಣುಮಗಳಿಗೂ ಇದರ ಅರ್ಥ ತಿಳಿಯುತ್ತದೆ. ಡಾಕ್ಟರರು ಚಿಕನ್‌ಪಾಕ್ಸ್ ಅನ್ನುವುದನ್ನು ನಾವು ರೋಗ ಎನ್ನುವುದಿಲ್ಲ. ತಾಯಿ ಬಂದಿದ್ದಾಳೆ ಎನ್ನುತ್ತೇವೆ. ಆಕೆ ಇರುವಷ್ಟು ದಿನ ಮನೆ ತಂಪಾಗಿರಬೇಕು, ಮೊಸರನ್ನದಂಥ ತಂಪು ಊಟವೇ ಆಗಬೇಕು, ಎಣ್ಣೆ ಕಾಯಿಸಬಾರದು, ಔಷಧ ಎಂಬ ಮಾತೆತ್ತಬಾರದು, ಹೊರಗಿನವರ ಮುಂದೆ ಹೆಸರು ಹಿಡಿದು ಹೇಳಬಾರದು. ನಾನು ಸಣ್ಣವಳಿದ್ದಾಗ ನನಗೆ ಬಂದಾಗಲೂ ನಮ್ಮವ್ವ ಹಾಗೇ ಮಾಡಿದ್ದಳು. ಮಲ್ಲೇಶನಿಗೆ ಬಂದಿರಲಿಲ್ಲ, ಅದೂ ನನಗೆ ಗೊತ್ತು.

ನಾನು ತಪ್ಪಿದ್ದು ಇಲ್ಲಿ. ಎಲ್ಲ ತಿಳಿದೂ ಆ ಮಂಗಳವಾರ ಬಾಯಿ ಬಿಡಲಿಲ್ಲ. ಕೇಳಿದರೆ ತಾಯಿಯ ಹೆಸರು ಹಿಡಿದ ಹಾಗಾಗುತ್ತದೆ, ಅತ್ತೆ ಸೊಸೆಗೆ ನೋವಾಗುತ್ತದೆ ಎಂಬುದು ಒಂದು. ಅದಕ್ಕಿಂತ ದೊಡ್ಡದಾಗಿ, ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ. ನನಗೆ ಬಂದು ಹೋಗಿದೆ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಅವನ ಮೈಯಲ್ಲಿರುವುದು ನನ್ನ ಮಜ್ಜೆ, ನನ್ನ ರಕ್ತ. ಅಂದಮೇಲೆ ಅವನಿಗೂ ಬಂದು ಹೋದ ಹಾಗೆಯೇ. ಈ ಲೆಕ್ಕ ಎಷ್ಟು ಸರಿಯಾಗಿ ಕೂಡಿತೆಂದರೆ ನಾನು ಶಿವನಿಗೆ ಕೈಮುಗಿದು, ಮರುದಿನ ಬೆಳಿಗ್ಗೆ ಅದನ್ನೂ ಒಂದು ಉಪಕಾರವೆಂದು ನೆನೆದೆ.

ಬುಧವಾರ ಮಧ್ಯಾಹ್ನ ಮಲ್ಲೇಶನಿಗೆ ಊಟಕ್ಕೆ ಬಡಿಸುತ್ತಿದ್ದೆ. ಅವನು ಎಂದಿನಂತೆ ತಮಾಷೆ ಶುರು ಮಾಡಿದ.

“ಅಕ್ಕಾ, ವರ್ಷ ತುಂಬಿದ ಮ್ಯಾಲೆ ನನ್ನನ್ನ ಕೂಸುಗಳ ದವಾಖಾನಿಗೆ ಕರ್ಕೊಂಡ ಹೋಗಬೇಕ ನೋಡು. ಸಣ್ಣ ಹುಡುಗರಿಗೆ ಹಾಕೂ ಸೂಜಿ ಎಲ್ಲಾ ಮೊದಲಿಂದ ಹಾಕ್ತಾರಂತ. ನಾ ಅತ್ತರ ಚಾಕಲೇಟ್ ಕೊಡಿಸ್ತಿಯಿಲ್ಲೊ?”

“ಮೊದಲಿಂದ ಯಾಕ? ನಿನಗ ಸಣ್ಣಾಂವಿದ್ದಾಗ ಹಾಕಿಸ್ಯಾರಲ್ಲ.”

“ಅದೆಲ್ಲಾ ಅಳಿಸಿ ಹೋತಂತ.”

“ನನಗೂ ಹಾಕಿಸ್ಯಾರ. ನಂದು ನಿನಗ ಬಂದಿರ್ತೈತಿ.”

“ನಿಂದು ಬರೂದಿಲ್ಲಂತ. ಬಂದಿದ್ರ ಮತ್ತ ಯಾಕ ಚುಚ್ತಾರ ಹೇಳು?”

ಸಾರಿನ ಸೌಟು ಕೈಯಲ್ಲೇ ನಿಂತಿತು. ಮಜ್ಜೆಯ ಜೊತೆ ನನ್ನ ಲಸಿಕೆಯ ಬಲ ಅವನಿಗೆ ಬಂದಿಲ್ಲವೆಂದ ಮೇಲೆ, ನನಗೆ ಬಂದು ಹೋದ ತಾಯಿಯ ಬಲ ಮಾತ್ರ ಹೇಗೆ ಬಂದೀತು? ಅವನಿಗೆ ಏನೂ ಹೇಳದೆ ಸೌಟು ಇಟ್ಟು ನೇರವಾಗಿ ಹಿಂದಿನ ಮನೆಗೆ ಹೋದೆ. ಆಗ ಎರಡೂವರೆ ಗಂಟೆ.

ಕಸ್ತೂರಿ ಹಿಂದಿನ ಮೆಟ್ಟಿಲ ಮೇಲೆ ಕುಳಿತಿದ್ದಳು. “ಕಸ್ತೂರಿ, ಮನ್ಯಾಗ ತಾಯಿ ಬಂದಾಳೇನು?” ಎಂದು ಕೇಳಿದೆ. ಅವಳು ಒಳಬಾಗಿಲ ಕಡೆ ನೋಡಿದಳು. ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಗಂಗಮ್ಮನವರ ದನಿ ಬಂತು.

“ಬಂದಾಳವ್ವಾ. ಆಕಿ ಬಂದ ಮನಿ ಅಂತ ಡಂಗುರ ಸಾರಬೇಕೇನು?”

“ಅತ್ತಿ, ಯಾವಾಗ ಬಂದಾಳ? ಅಷ್ಟು ಹೇಳ್ರಿ ಸಾಕು.”

“ಸೋಮಾರ ಸಂಜಿಕೆ ಕೂಸಿನ ಬೆನ್ನಮ್ಯಾಲೆ ಎದ್ದಾವು. ಬಾಗಿಲಿಗೆ ಬೇವಿನ ತಪ್ಪಲಾನೂ ಕಟ್ಟಿಲ್ಲ ನಾನು. ನಿಮ್ಮ ಮನ್ಯಾಗ ಬ್ಯಾನಿ ಮನಶ್ಯಾ ಅದಾನ, ನೋಡಿ ಅಂಜ್ತೀರಿ ಅಂತ.”

ಅವರು ಮುಚ್ಚಿಟ್ಟದ್ದು ನಮ್ಮ ಮೇಲಿನ ಕಾಳಜಿಯಿಂದ. ಸಿಟ್ಟು ಮಾಡಲು ನನಗೆ ಜಾಗವೇ ಇರಲಿಲ್ಲ. ಮುಚ್ಚಿಡುವುದರಲ್ಲಿ ನಾನೂ ಒಂದು ದಿನ ಅವರ ಜೊತೆ ಸೇರಿದ್ದೆನಲ್ಲ.

ಮೂಲೆಯ ಎಸ್.ಟಿ.ಡಿ. ಬೂತಿನಿಂದ ಬೆಂಗಳೂರಿಗೆ ಫೋನ್ ಮಾಡಿದೆ. ಮಲ್ಲೇಶನನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಹೆಂಗಸು, ಮಾತು ಕಡಿಮೆ. ಹುಡುಗಿ ಯಾವತ್ತು, ಎಷ್ಟು ಹೊತ್ತಿಗೆ, ಎಷ್ಟು ಹತ್ತಿರ ಕುಳಿತಿದ್ದಳು ಎಂದು ಕೇಳಿದರು. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಆ ಸೋಂಕು ಹರಡಲು ಶುರುವಾಗುತ್ತದೆ ಎಂದು ಅವರಿಂದಲೇ ನನಗೆ ತಿಳಿದದ್ದು. ನಾನು ನಾಚಿಕೆ ಬಿಟ್ಟು ನನ್ನ ಲೆಕ್ಕವನ್ನೂ ಹೇಳಿದೆ. ಮೇಡಂ, ನನಗೆ ಬಂದು ಹೋಗಿದೆಯಲ್ಲ, ಅವನಿಗೆ ಅದು ಕಾಯುವುದಿಲ್ಲವೇ ಎಂದೆ.

“ಇಲ್ಲ ಶಾಂತಾ ಅವರೇ, ಅದನ್ನ ನಂಬೋ ಹಾಗಿಲ್ಲ,” ಎಂದರು. “ನಿಮ್ಮ ಮಜ್ಜೆಯಿಂದ ಅವರ ಮೈಯಲ್ಲಿ ಹುಟ್ಟುತ್ತಿರೋ ಕಣಗಳು ಹೊಸವು. ಅವು ಇನ್ನೂ ಆ ವೈರಸ್ಸನ್ನ ಕಂಡೇ ಇಲ್ಲ. ಸಾಲದ್ದಕ್ಕೆ ನಾವೇ ಸೈಕ್ಲೋಸ್ಪೊರಿನ್ ಕೊಟ್ಟು ಅವುಗಳ ಕೈ ಕಟ್ಟಿದ್ದೀವಿ. ನಿಮಗೆ ಮೈಮೇಲೆ ಬಂದು ಹೋದದ್ದು ಅವರಿಗೆ ಶ್ವಾಸಕೋಶಕ್ಕೆ ಹೋಗಬಹುದು, ಮೆದುಳಿಗೆ ಹೋಗಬಹುದು. ಜೀವಕ್ಕೆ ಅಪಾಯ.”

ಮಾಡಬೇಕಾದದ್ದನ್ನು ಆಮೇಲೆ ಹೇಳಿದರು. ಆ ರೋಗ ಬಂದು ಹೋದವರ ರಕ್ತದಿಂದ ತೆಗೆದ ಪ್ರತಿಕಾಯಗಳ ಒಂದು ಇಂಜೆಕ್ಷನ್ ಇದೆ. ನಮ್ಮ ಸೈನ್ಯ ತಯಾರಿಲ್ಲದಾಗ ಪಕ್ಕದ ರಾಜ್ಯದ್ದನ್ನು ಕೆಲವು ದಿನಕ್ಕೆ ಎರವಲು ತಂದ ಹಾಗೆ. ಸೋಂಕಿನ ಹತ್ತಿರ ಬಂದ ತೊಂಬತ್ತಾರು ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಏಳನೆಯ ದಿನದಿಂದ, ಆ ವೈರಸ್ ಬೆಳೆಯದಂತೆ ತಡೆಯುವ ಅಸೈಕ್ಲೋವಿರ್ ಮಾತ್ರೆ ಶುರು ಮಾಡಬೇಕು. ಕಸಿಯಾದ ಮೇಲೆ ಮೂರು ತಿಂಗಳು ಅದೇ ಮಾತ್ರೆ ಕೊಟ್ಟು ನಿಲ್ಲಿಸಿದ್ದರು. ಭಾನುವಾರ ಹನ್ನೊಂದರಿಂದ ತೊಂಬತ್ತಾರು ಗಂಟೆ ಎಂದರೆ ಗುರುವಾರ ಬೆಳಿಗ್ಗೆ ಹನ್ನೊಂದು. ಬೂತಿನ ಗಡಿಯಾರದಲ್ಲಿ ಆಗ ಮೂರು ದಾಟಿತ್ತು. ಮಂಗಳವಾರ ಸಂಜೆಯೇ ಕೇಳಿದ್ದರೆ ನನ್ನ ಕೈಯಲ್ಲಿ ನಲವತ್ತು ಗಂಟೆ ಇರುತ್ತಿತ್ತು. ಈಗ ಉಳಿದದ್ದು ಇಪ್ಪತ್ತಕ್ಕೂ ಕಡಿಮೆ.

ಹುಬ್ಬಳ್ಳಿಯಲ್ಲಿ ನಮ್ಮ ಮನೆಯವರು ಸೈಕಲ್ ಮೇಲೆ ಹನ್ನೊಂದು ಔಷಧದಂಗಡಿ ಸುತ್ತಿ ಬಂದರು. ಯಾರ ಬಳಿಯೂ ಆ ಇಂಜೆಕ್ಷನ್ ಇರಲಿಲ್ಲ, ಹೆಚ್ಚಿನವರು ಹೆಸರೇ ಕೇಳಿರಲಿಲ್ಲ. ಬೆಂಗಳೂರಿನ ಒಬ್ಬ ವಿತರಕರಲ್ಲಿ ಸಿಕ್ಕಿತು. ಅಲ್ಲಿದ್ದ ನಮ್ಮ ಮನೆಯವರ ಚಿಕ್ಕಪ್ಪನ ಮಗ ಅದನ್ನು ಬಿಡಿಸಿಕೊಂಡು, ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಹುಬ್ಬಳ್ಳಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟ. ಈ ಕಡೆ ದೇಶಪಾಂಡೆ ನಗರದ ನಮ್ಮ ಡಾಕ್ಟರ್ ಸಂಜೆಯೇ ಮಲ್ಲೇಶನ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಮಾಂಸಕ್ಕೆ ಸೂಜಿ ಚುಚ್ಚುವಂತಿಲ್ಲ. ತೊಂಬತ್ತು ಸಾವಿರ ಬಂದಿತ್ತು. ಪರವಾಗಿಲ್ಲ, ಕೊಡಬಹುದು ಎಂದರು. ಆ ತೊಂಬತ್ತು ಸಾವಿರಕ್ಕೆ ನಾನು ದೀಪ ಹಚ್ಚಿದೆ.

ಬೆಳಿಗ್ಗೆ ಆರಕ್ಕೆ ಬರಬೇಕಾದ ಬಸ್ಸು ಏಳಾದರೂ ಬರಲಿಲ್ಲ. ಎಂಟಾಯಿತು. ನಮ್ಮ ಮನೆಯವರು ಬಸ್‌ನಿಲ್ದಾಣದಲ್ಲಿ ನಿಂತಿದ್ದರು. ನಾನು ಮಲ್ಲೇಶನನ್ನು ಕರೆದುಕೊಂಡು ಮೊದಲೇ ದವಾಖಾನೆಗೆ ಹೋಗಿ, ಬೇರೆ ರೋಗಿಗಳಿಲ್ಲದ ಒಳಕೋಣೆಯಲ್ಲಿ ಕುಳಿತಿದ್ದೆ. ಹಾವೇರಿಯ ಹತ್ತಿರ ಬಸ್ಸಿನ ಟೈರು ಒಡೆದಿತ್ತೆಂದು ಆಮೇಲೆ ಗೊತ್ತಾಯಿತು. ಮಲ್ಲೇಶ ಮೂಗು ಬಾಯಿಗೆ ಕಟ್ಟಿದ ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ.

“ಆಟಕ್ಕ ಕರದಾಂವ ನಾನು,” ಎಂದ. “ಆಕಿಗೆ ಬೈಬ್ಯಾಡ. ಸಣ್ಣ ಕೂಸು.”

“ಯಾರಿಗೂ ಬೈಯೂದಿಲ್ಲ.”

“ಮತ್ತ ಬಾಯಾಗ ಏನ ಅನ್ನಾಕತ್ತಿ?”

“ಬಸ್ಸಿನಾಂವಗ ಹಾದಿ ಬಿಡು ಅಂತ ಶಿವಗ ಹೇಳಾಕತ್ತೇನಿ.”

ಒಂಬತ್ತು ಇಪ್ಪತ್ತಕ್ಕೆ ಬಸ್ಸು ಬಂತು. ಮಂಜುಗಡ್ಡೆ ಪೂರಾ ಕರಗಿತ್ತು, ನೀರು ಮಾತ್ರ ಕೈ ಇಟ್ಟರೆ ಜುಮ್ಮೆನ್ನುವಷ್ಟು ತಣ್ಣಗಿತ್ತು. ಡಾಕ್ಟರ್ ಥರ್ಮಾಮೀಟರ್ ಇಟ್ಟು ನೋಡಿ ತಲೆಯಾಡಿಸಿದರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಎರಡೂ ತೊಡೆಗೆ ಇಂಜೆಕ್ಷನ್ ಆಯಿತು. ಗಡುವಿಗೆ ಇನ್ನೂ ಐವತ್ತು ನಿಮಿಷ ಇತ್ತು.

ಅಲ್ಲಿಗೆ ಮುಗಿಯಲಿಲ್ಲ. ಆ ಇಂಜೆಕ್ಷನ್ ಕೊಟ್ಟವರನ್ನು ಇಪ್ಪತ್ತೆಂಟು ದಿನ ಕಾಯಬೇಕು, ಗುಳ್ಳೆ ತಡವಾಗಿಯೂ ಏಳಬಹುದು ಎಂದಿದ್ದರು. ದಿನಾ ಬೆಳಿಗ್ಗೆ ಅವನ ಅಂಗಿ ಬಿಚ್ಚಿಸಿ ಕಿಟಕಿಯ ಬೆಳಕಿಗೆ ನಿಲ್ಲಿಸಿ ಬೆನ್ನು, ಎದೆ, ಕಂಕುಳು ನೋಡುತ್ತಿದ್ದೆ. ಈ ನಡುವೆ ಗಂಗಮ್ಮನವರು ಒಂದು ದಿನ ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿದರು. ಸುಮಾಳ ಗುಳ್ಳೆ ಒಣಗಿ, ಬೇವಿನ ನೀರಿನ ಸ್ನಾನ ಆಗಿತ್ತು.

“ಶಾಂತವ್ವ, ಆಕಿ ಬರೂಕಿಂತ ಮೊದಲಽ ಸೂಜಿ ಚುಚ್ಚಿಸಿ ಬಾಗಲಾ ಹಾಕ್ಕೊಂಡಿಯಂತಲ್ಲ. ತಾಯಿಗೆ ಬಾಗಲಾ ಹಾಕೂದಂದ್ರ ಏನು? ಅಂಜಿಕಿ ಇಲ್ಲೇನು ನಿನಗ?”

“ಅಂಜಿಕಿ ಐತ್ರಿ ಅತ್ತಿ. ಬಾಗಲಾ ಹಾಕಿಲ್ಲ. ಕೂಡ್ರಸಾಕ ಜಾಗಾ ಇಲ್ಲವ್ವಾ, ಮುಂದ ನಡಿ ಅಂತ ಕೈಮುಗದೇನಿ.”

ಅವರು ತಿರುಗಿ ಒಳಗೆ ಹೋದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ನಾನು ಆಡಿದ್ದು ಬರೀ ಬಾಯಿಮಾತಾಗಿರಲಿಲ್ಲ. ಔಷಧ ಕೊಡಿಸಿದ ದಿನದಿಂದ ನನ್ನ ಎದೆಯಲ್ಲೂ ಆ ಪ್ರಶ್ನೆ ಇತ್ತು. ಮೊಸರನ್ನ ನೈವೇದ್ಯ ಮಾಡಿ ತಾಯಿಗೆ ತಪ್ಪಾಯಿತು ಅನ್ನುತ್ತಿದ್ದೆ, ಗಂಟೆ ನೋಡಿ ಮಾತ್ರೆಯನ್ನೂ ಕೊಡುತ್ತಿದ್ದೆ. ಎರಡನ್ನೂ ಒಂದೇ ಕೈಯಿಂದ ಮಾಡಿದೆ.

ಆ ಚೌಕಾಬಾರದ ಭಾನುವಾರದಿಂದ ಎಣಿಸಿ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವನ ಬಲ ಪಕ್ಕೆಯ ಮೇಲೆ ಮೂರು ಗುಳ್ಳೆ. ನೀರು ತುಂಬಿ, ಬುಡದಲ್ಲಿ ಕೆಂಪಗೆ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು. ಮಲ್ಲೇಶ, “ಏನಽ?” ಎಂದ. ನಾನು ಮುಚ್ಚಿಡಲಿಲ್ಲ. “ಮೂರು ಅದಾವು. ಅಂಗಿ ಹಾಕ್ಕೋ, ಹೋಗೂಣು,” ಎಂದೆ. ಅರ್ಧ ಗಂಟೆಯಲ್ಲಿ ನರ್ಸಿಂಗ್ ಹೋಮಿನಲ್ಲಿದ್ದೆವು. ಅದೇ ಅಸೈಕ್ಲೋವಿರನ್ನು ಮಾತ್ರೆಯ ಬದಲು ರಕ್ತನಾಳಕ್ಕೆ, ಎಂಟು ಗಂಟೆಗೊಮ್ಮೆ. ಆ ಔಷಧವೂ ಸೈಕ್ಲೋಸ್ಪೊರಿನ್ನೂ ಎರಡೂ ಮೂತ್ರಪಿಂಡಕ್ಕೆ ಭಾರವೆಂದು ಸಲೈನ್ ಜೊತೆಗೆ, ಕುಡಿದ ನೀರು, ಹೋದ ಮೂತ್ರ ಎಲ್ಲವನ್ನೂ ಅಳೆದು ಬರೆಯಬೇಕು. ಬರೆಯುವ ಕೆಲಸ ನನ್ನದು. ಎರಡನೆಯ ದಿನ ಗುಳ್ಳೆ ಏಳಾದವು. ಅವತ್ತು ಎದೆಯ ಎಕ್ಸ್‌ರೇ ತೆಗೆದರು. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು ನಾನು ಅವರ ಮುಖ ನೋಡುತ್ತಿದ್ದೆ. ಶ್ವಾಸಕೋಶ ಸ್ವಚ್ಛ ಇತ್ತು. ಮೂರನೆಯ ದಿನ ಹನ್ನೊಂದು. ನಾಲ್ಕನೆಯ ದಿನವೂ ಹನ್ನೊಂದೇ. ಐದನೆಯ ದಿನ ಮೊದಲಿನ ಮೂರರ ನೆತ್ತಿ ಒಣಗಿ ಕಪ್ಪಾಗಿತ್ತು.

ಹನ್ನೊಂದು ಗುಳ್ಳೆ. ಆರೋಗ್ಯವಂತ ಮಕ್ಕಳಿಗೇ ಇನ್ನೂರು ಮುನ್ನೂರು ಏಳುತ್ತವೆ. ಎರವಲು ತಂದ ಪ್ರತಿಕಾಯ, ಏಳನೆಯ ದಿನದಿಂದ ಕೊಟ್ಟ ಮಾತ್ರೆ ಇಲ್ಲದಿದ್ದರೆ ಈ ಲೆಕ್ಕ ಬೇರೆಯಾಗುತ್ತಿತ್ತು ಎಂದು ಡಾಕ್ಟರ್ ಹೇಳಿದರು. ಎಂಟನೆಯ ದಿನ ಮನೆಗೆ ಬಂದಾಗ ಗಂಗಮ್ಮನವರು ತಮ್ಮ ಮೆಟ್ಟಿಲ ಮೇಲೆಯೇ ನಿಂತು, ಒಳಗೆ ಬರದೆ, ದೂರದಿಂದ ಕೂಗಿದರು. “ಮಲ್ಲೂ, ಎಷ್ಟೋ ಬಂದಾವಂತ?”

“ಹನ್ನೊಂದರೀ ಅಜ್ಜಿ.”

“ಹನ್ನೊಂದಽ ಏನು? ನಿಮ್ಮಕ್ಕ ಹೇಳಿದ್ದು ಕೇಳ್ಯಾಳ ಬಿಡು ತಾಯಿ. ನಿಂತಗಾಲ ಮ್ಯಾಲೆ ಹೋಗ್ಯಾಳ.”

ಆ ಮಾತು ಕೇಳಿದ ಮೇಲೆಯೇ ನನ್ನ ಎದೆಯ ಮೇಲಿದ್ದದ್ದು ಇಳಿಯಿತು. ಅವತ್ತಿನಿಂದ ಆ ಆವರಣದಲ್ಲಿ ಯಾವ ಮನೆಯ ಮಗುವಿಗೆ ಕೆಮ್ಮಾದರೂ ಗಂಗಮ್ಮನವರೇ ಮೊದಲು ನನಗೆ ಹೇಳಿ ಕಳಿಸುತ್ತಿದ್ದರು.

ನವೆಂಬರಿನಲ್ಲಿ ವರ್ಷ ತುಂಬಿತು. ತಪಾಸಣೆಗೆ ಬೆಂಗಳೂರಿಗೆ ಹೋದೆವು. ಸೈಕ್ಲೋಸ್ಪೊರಿನ್ ಕಡಿಮೆ ಮಾಡುತ್ತ ಬಂದು ಅಷ್ಟು ಹೊತ್ತಿಗೆ ನಿಲ್ಲಿಸಿಯಾಗಿತ್ತು. ಲಿಂಫೋಸೈಟ್‌ಗಳ ಎಣಿಕೆ ನೋಡಿ, ಸೈನ್ಯ ಬಂದಿದೆ, ಇನ್ನು ತಾಲೀಮು ಕೊಡೋಣ ಎಂದು ಡಾಕ್ಟರ್ ಮೊದಲ ಕಂತಿನ ಲಸಿಕೆಗಳನ್ನು ಬರೆದರು. ಜೀವಂತ ವೈರಸ್ ಇರುವ ಲಸಿಕೆಗಳಿಗೆ ಇನ್ನೂ ಒಂದು ವರ್ಷ ಕಾಯಬೇಕಿತ್ತು. ಆಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ಹೊರಗೆ ಬೆಂಚಿನ ಮೇಲೆ ಗದಗಿನ ಕಡೆಯ ಒಬ್ಬಾಕೆ ಇದ್ದಾಳೆ, ಮಗನಿಗೆ ಕಸಿಯಾಗಿ ನೂರು ದಿನ, ನಾಳೆ ಊರಿಗೆ ಹೊರಡುತ್ತಾಳೆ, ನಿಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳಿ ಎಂದರು.

ಆಕೆಯ ಕೈಯಲ್ಲೂ ಅದೇ ಮೂರು ಹಾಳೆ. ನೀರು, ಅಡುಗೆ, ಸೊಪ್ಪಿನ ವಿಚಾರ ಹೇಳಿದೆ. ಅವೆಲ್ಲ ಆಕೆಗೆ ಬಾಯಿಪಾಠವಾಗಿದ್ದವು. ನನ್ನ ಮಂಗಳವಾರದ ಕಥೆಯನ್ನು ಒಂದನ್ನೂ ಬಿಡದೆ ಹೇಳಿದೆ. ಒಗ್ಗರಣೆ ನಿಂತದ್ದು, ಗೊತ್ತಿದ್ದೂ ಕೇಳದೆ ಇದ್ದದ್ದು, ನನ್ನ ಮಜ್ಜೆ ಅವನನ್ನು ಕಾಯುತ್ತದೆಂದು ನಾನೇ ತೀರ್ಮಾನಿಸಿದ್ದು, ಐವತ್ತು ನಿಮಿಷ ಉಳಿದದ್ದು. ಇಷ್ಟು ವರ್ಷದ ಮನೆಕೆಲಸ ನನಗೆ ಕಲಿಸಿದ್ದು ಅದೊಂದೇ. ಮೂಗಿಗೆ, ಕಣ್ಣಿಗೆ ಗೊತ್ತಾದದ್ದನ್ನು ಅದೇ ದಿನ ಬಾಯಿಗೂ ತರಬೇಕು. ದೇವರ ಮೇಲಿನ ಭಕ್ತಿ ಬೇರೆ, ದೇವರ ಹೆಸರಿನಲ್ಲಿ ನಾವು ಸುಮ್ಮನಿರುವುದು ಬೇರೆ.

“ಹೆಸರು ಹಿಡಿದು ಕೇಳಿದ್ರ ತಾಯಿ ಮುನಿಯೂದಿಲ್ಲೇನ್ರಿ?” ಎಂದು ಆಕೆ ಮೆಲ್ಲಗೆ ಕೇಳಿದಳು.

“ನನ್ನ ಮ್ಯಾಲೆ ಮುನೀಲಿಲ್ಲವ್ವಾ.”

ಆಕೆ ಹಾಳೆಗಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಸೆರಗು ಸರಿಮಾಡಿಕೊಂಡು ಎದ್ದಳು. “ಅಕ್ಕಾರ, ಇಲ್ಲೆ ಫೋನ್ ಎಲ್ಲೈತ್ರಿ? ಮೊನ್ನೆ ಫೋನ್ ಮಾಡಿದಾಗ ನಮ್ಮ ನೆಗೆಣ್ಣಿ, ಮನ್ಯಾಗ ನಾಕ ದಿನದಿಂದ ಮೊಸರನ್ನಾನಽ ಉಣ್ಣಾಕತ್ತೇವಿ ಅಂದ್ಲು. ಯಾಕ ಅಂತ ನಾ ಕೇಳಲಿಲ್ಲ.”

ನಾನು ಆಕೆಯ ಮಗನ ಪಕ್ಕದಲ್ಲಿ ಕುಳಿತೆ. ಆಕೆ ಬೂತಿನ ಕಡೆ ಓಡಿದಳು.